ದಕ್ಕೆಯಿಂದ ಬೋಟಿಗೆ ಕರೆಂಟು: ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ

ನಾನು ಕುಂಬಳೆ ಕಡೆಯವನು. ಮನೆ ವೈರಿಂಗ್ ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಅಡಿಕೆ ತೋಟದ ಪಂಪು, ಮದುವೆ ಹಾಲ್, ಜಾತ್ರೆಯ ಲೈಟು ಎಲ್ಲ ಮಾಡಿದ್ದೇನೆ. ಬೋಟು ಮಾತ್ರ ಮುಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಭಾವ ಗೆಳೆಯರೊಬ್ಬರ ಜೊತೆ ಪಾಲಿಗೆ ಸೇರಿ ನೀಲೇಶ್ವರದಲ್ಲಿ ಒಂದು ಹಳೆಯ ಹೌಸ್‌ಬೋಟ್ ಕೊಂಡರು. ಮರದ ಬೋಟು. ಎರಡು ರೂಮು, ಎರಡು ಎಸಿ, ಒಂದು ಫ್ರಿಜ್ಜು, ಹಿಂದುಗಡೆ ಅಡುಗೆಮನೆ. ಹಗಲು ವಲಿಯಪರಂಬ ಹಿನ್ನೀರಿನಲ್ಲಿ ಸುತ್ತಾಟ, ಸಂಜೆ ಕೋಟಪ್ಪುರಂ ಕಡೆ ಒಂದು ತೆಂಗಿನ ತೋಟದ ದಕ್ಕೆಗೆ ಬಂದು ಕಟ್ಟುವುದು. ರಾತ್ರಿಯಿಡೀ ಎಸಿ ಬೇಕು. ಅದಕ್ಕೆ ರಾತ್ರಿಯಿಡೀ ಜನರೇಟರ್. ಒಂದು ರಾತ್ರಿಗೆ 15 ಲೀಟರ್ ಹತ್ತಿರ ಡೀಸೆಲ್ ಹೋಗುತ್ತಿತ್ತು. ಅದಕ್ಕಿಂತ ಜಾಸ್ತಿ, ಸದ್ದು. ಹಿನ್ನೀರಿನ ಮೌನ ಕೇಳಲು ಬಂದವರಿಗೆ ನಾವು ಕೇಳಿಸುತ್ತಿದ್ದದ್ದು ಜನರೇಟರಿನ ಗಡಗಡ.

ಭಾವ ಫೋನ್ ಮಾಡಿದರು. "ದಕ್ಕೆಯಲ್ಲಿ ಕರೆಂಟು ಉಂಟು ಭಾವ. ಹಳೆಯ ಪ್ಲಗ್ ಸುಟ್ಟು ಹೋಗಿದೆ. ನೀವು ಬಂದು ಹೊಸದು ಹಾಕಿ ಕೊಡಿ. ಅರ್ಧ ದಿನದ ಕೆಲಸ."

ನಾನೂ ಹಾಗೇ ಅಂದುಕೊಂಡು ಹೋದೆ.

ಹೋಗಿ ನೋಡಿದರೆ ಮೊದಲು ಸಿಕ್ಕಿದ್ದೇ ಆ ಕೇಬಲ್. ಎರಡೂ ತುದಿಗೆ ಗಂಡು ಪ್ಲಗ್! ಒಂದು ತುದಿ ದಕ್ಕೆಯ ಸಾಕೆಟ್‌ಗೆ, ಇನ್ನೊಂದು ತುದಿ ಬೋಟಿನ ಗೋಡೆಯ ಮಾಮೂಲಿ ಸಾಕೆಟ್‌ಗೆ. ಅಂದರೆ ಬೋಟಿನ ಕಡೆ ಪ್ಲಗ್ ಕಳಚಿದರೆ ಕೈಯಲ್ಲಿ ಮೂರು ಹಿತ್ತಾಳೆ ಪಿನ್, ಅದರಲ್ಲಿ ಒಂದರಲ್ಲಿ 230 ವೋಲ್ಟ್. ಕೆಳಗೆ ಒದ್ದೆ ಹಲಗೆ. ಹಿಂದಿನವರು ಹೀಗೆ ಎಷ್ಟು ವರ್ಷ ನಡೆಸಿದರೋ. ಯಾರೂ ಸಾಯದ್ದು ದೇವರ ದಯೆ. ಕೇಬಲನ್ನು ಅಲ್ಲೇ ಎರಡು ತುಂಡು ಮಾಡಿದೆ. ಬೇರೆ ಯಾರೂ ಎತ್ತಿ ಉಪಯೋಗಿಸಬಾರದಲ್ವಾ.

ಬೋಟಿಗೆ ಇರಬೇಕಾದ ಕ್ರಮವೇ ಬೇರೆ. ಬೋಟಿನ ಮೈಗೆ ಗಂಡು ಪಿನ್ ಇರುವ ಇನ್‌ಲೆಟ್ ಕೂರಿಸಬೇಕು, ಮೇಲೆ ಮುಚ್ಚಳ ಬೇಕು. ಕೇಬಲಿನ ಬೋಟ್ ಕಡೆಯ ತುದಿ ಹೆಣ್ಣು, ದಕ್ಕೆ ಕಡೆಯ ತುದಿ ಗಂಡು. ಆಗ ಕರೆಂಟು ಇರುವ ಪಿನ್ ಎಲ್ಲೂ ಹೊರಗೆ ಕಾಣುವುದೇ ಇಲ್ಲ. ಫ್ಯಾಕ್ಟರಿಗಳಲ್ಲಿ ಹಾಕುವ ನೀಲಿ ಬಣ್ಣದ ದಪ್ಪ ಪ್ಲಗ್ ಉಂಟಲ್ಲ, ಅದೇ ಇದಕ್ಕೂ ಆಗುತ್ತದೆ. 16 ಆಂಪಿಯರಿನದ್ದು, 32 ಆಂಪಿಯರಿನದ್ದು ಎರಡೂ ಸಿಗುತ್ತವೆ. ಅರ್ತ್ ಪಿನ್ ಉಳಿದೆರಡಕ್ಕಿಂತ ದಪ್ಪ, ಹಾಗಾಗಿ ತಿರುಗಿಸಿ ಹಾಕಲು ಬರುವುದಿಲ್ಲ.

ಲೋಡ್ ಲೆಕ್ಕ ಹಾಕಿದೆ. ಒಂದೂವರೆ ಟನ್ನಿನ ಎಸಿ ಒಂದಕ್ಕೆ ಏಳೂವರೆ ಆಂಪಿಯರ್, ಎರಡಕ್ಕೆ 15. ಫ್ರಿಜ್ಜು, ಬ್ಯಾಟರಿ ಚಾರ್ಜರ್, ನೀರಿನ ಪಂಪು ಸೇರಿದರೆ 20. ಹಾಗಾಗಿ 32 ಆಂಪಿಯರಿನ ಪ್ಲಗ್, 4 ಸ್ಕ್ವೇರ್ ಎಂಎಂನ ಮೂರು ಕೋರಿನ ರಬ್ಬರ್ ಕೇಬಲ್, 25 ಮೀಟರ್. ದಕ್ಕೆ ಕಂಬದ ಪೆಟ್ಟಿಗೆಯಲ್ಲಿ ಡಬಲ್ ಪೋಲ್ ಎಂಸಿಬಿ, ಅಂದರೆ ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್. ಅದರ ಜೊತೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಎಲ್ಲೋ ಲೀಕ್ ಆದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ನಮ್ಮಲ್ಲಿ ಎಲ್ಲರೂ ಈ ಆರ್‌ಸಿಸಿಬಿಯನ್ನು ಇನ್ನೂ ಇಎಲ್‌ಸಿಬಿ ಅಂತಲೇ ಕರೆಯುವುದು. ಹಳೆಯ ಪೆಟ್ಟಿಗೆಯಲ್ಲೂ ಒಂದು ಇತ್ತು. ಆದರೆ ಅದರ ವೈರ್ ಕಳಚಿ ನೇರ ಜೋಡಿಸಿದ್ದರು. ಯಾಕೆ ಅಂತ ಆಗ ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಎರಡೂ ಎಸಿ ಹಾಕಿ ವೋಲ್ಟೇಜ್ ನೋಡಿದೆ. ಲೋಡ್ ಇಲ್ಲದಾಗ 228 ಇದ್ದದ್ದು 206ಕ್ಕೆ ಇಳಿಯಿತು. ಕಾರಣ ನನ್ನ ಕೇಬಲ್ ಅಲ್ಲ. ತೋಟದ ಪಂಪ್ ಶೆಡ್ಡಿನಿಂದ ದಕ್ಕೆಗೆ 60 ಮೀಟರ್ ದೂರಕ್ಕೆ ಎರಡೂವರೆ ಸ್ಕ್ವೇರಿನ ಸಪೂರ ವೈರ್ ಎಳೆದಿದ್ದರು. ಅದೊಂದೇ 18 ವೋಲ್ಟ್ ತಿನ್ನುತ್ತಿತ್ತು. ಅದನ್ನು 10 ಸ್ಕ್ವೇರಿಗೆ ಬದಲಿಸಿದ ಮೇಲೆ 219 ನಿಂತಿತು. ದುಡ್ಡು ಜಾಸ್ತಿ ಆಯಿತು ಅಂತ ಭಾವನ ಮುಖ ಸಣ್ಣದಾಯಿತು. ಎಸಿ ಕಂಪ್ರೆಸರ್ ಒಂದು ಸುಟ್ಟರೆ ಎಷ್ಟು ಅಂತ ಕೇಳಿದೆ. ಸುಮ್ಮನಾದರು.

ಆಮೇಲೆ ಅರ್ತ್. ಫೇಸಿಗೂ ಅರ್ತಿಗೂ ನಡುವೆ ಮೀಟರ್ ಇಟ್ಟರೆ 140 ತೋರಿಸುತ್ತದೆ, ಮತ್ತೆ 90, ಮತ್ತೆ 120. ಕುಣಿಯುತ್ತಿದೆ ಅಂದರೆ ಅರ್ತ್ ಇಲ್ಲ ಅಂತಲೇ ಅರ್ಥ. ಗುಂಡಿ ಅಗೆದು ನೋಡಿದೆ. ಜಿಐ ಪೈಪಿನ ತಲೆ ಮಾತ್ರ ಉಳಿದಿತ್ತು, ಕೆಳಗೆ ಉಪ್ಪುನೀರು ತಿಂದು ಮುಗಿಸಿತ್ತು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿ. ದಡದಿಂದ ಸ್ವಲ್ಪ ಮೇಲೆ ಹೊಸ ಗುಂಡಿ ತೋಡಿ ತಾಮ್ರದ ರಾಡ್ ಹಾಕಿದೆವು.

ಈಗ ಶುರುವಾಯಿತು ಅಸಲು ಆಟ. ಬೋಟಿಗೆ ಕೇಬಲ್ ಜೋಡಿಸಿ ಸ್ವಿಚ್ ಹಾಕಿದೆ. ಬಲ್ಬ್ ಉರಿಯಿತು. ಎಸಿ ಹಾಕಿದೆ. ಟಪ್. ಆರ್‌ಸಿಸಿಬಿ ಬಿತ್ತು. ಮತ್ತೆ ಎತ್ತಿದೆ, ಎಸಿ ಹಾಕಿದೆ, ಟಪ್. ಇನ್ನೊಂದು ರೂಮಿನ ಎಸಿ, ಅದಕ್ಕೂ ಟಪ್. ಎಸಿ ಲೀಕ್ ಉಂಟು ಅಂತ ತೀರ್ಮಾನ ಮಾಡಿ ಎಸಿ ರಿಪೇರಿಯವರನ್ನು ಕರೆಸಿದೆ. ಅವರು ನೋಡಿ ಎರಡೂ ಸರಿ ಇವೆ ಅಂದರು. ಆರ್‌ಸಿಸಿಬಿಯೇ ಕೆಟ್ಟದ್ದು ಅಂತ ಹೊಸದು ತಂದು ಹಾಕಿದೆ. ಅದೂ ಬಿತ್ತು.

ಸ್ರಾಂಕ್ ಇಕ್ಕ ಎಂಜಿನ್ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಬೋಟು ನಡೆಸುವವರಿಗೆ ಇಲ್ಲಿ ಸ್ರಾಂಕ್ ಅನ್ನುತ್ತಾರೆ, ಇಕ್ಕ ಅಂದರೆ ಅಣ್ಣ. ನಮ್ಮ ಇಕ್ಕನಿಗೆ ಅರವತ್ತು ದಾಟಿದೆ, ಮಲಯಾಳದಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಮಾತಾಡುತ್ತಾರೆ. "ಮೊದಲಿನವರು ಅದಕ್ಕೇ ಅದನ್ನು ಕಳಚಿದ್ದು" ಅಂದರು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಇಸ್ತ್ರಿಪೆಟ್ಟಿಗೆ ತರಿಸಿ ಹಾಕಿ ನೋಡಿದೆ. ಅದಕ್ಕೂ ಬಿತ್ತು. ಆಗ ತಲೆಗೆ ಹೊಳೆಯಿತು. ಎಸಿ, ಇಸ್ತ್ರಿ, ಎಲ್ಲವೂ ಲೀಕ್ ಆಗಲು ಸಾಧ್ಯ ಇಲ್ಲ. ಲೋಡ್ ಜಾಸ್ತಿ ಆದಾಗ ಮಾತ್ರ ಬೀಳುತ್ತದೆ ಅಂದರೆ ನ್ಯೂಟ್ರಲ್ ಎಲ್ಲೋ ಅರ್ತಿಗೆ ಮುಟ್ಟಿದೆ. ಹೋದ ಕರೆಂಟು ಪೂರ್ತಿ ನ್ಯೂಟ್ರಲಿನಲ್ಲಿ ವಾಪಸು ಬರದೆ ಸ್ವಲ್ಪ ಅರ್ತ್ ವೈರಿನಲ್ಲಿ ಬರುತ್ತಿದೆ. ಬಲ್ಬಿನ ಕರೆಂಟೇ 40 ಮಿಲಿಆಂಪಿಯರ್, ಅದರ ಒಂದು ಪಾಲು ಕಳ್ಳದಾರಿ ಹಿಡಿದರೆ ಆರ್‌ಸಿಸಿಬಿಗೆ ಗೊತ್ತಾಗುವುದಿಲ್ಲ. ಎಸಿಯದ್ದಾದರೆ ತಕ್ಷಣ ಗೊತ್ತಾಗುತ್ತದೆ.

ಕೇಬಲ್ ಕಳಚಿ, ಬೋಟಿನ ಇನ್‌ಲೆಟ್ಟಿನ ನ್ಯೂಟ್ರಲ್ ಪಿನ್ನಿಗೊಂದು, ಅರ್ತ್ ಪಿನ್ನಿಗೊಂದು ಮೀಟರಿನ ಕಡ್ಡಿ ಇಟ್ಟೆ. ಬೀಪ್ ಅಂತ ಉದ್ದಕ್ಕೆ ಕೂಗಿತು. ಒಂದೊಂದೇ ವೈರ್ ಬಿಡಿಸುತ್ತಾ ಹೋದೆ. ಕೊನೆಗೆ ಜನರೇಟರಿನ ಟರ್ಮಿನಲ್ ಪೆಟ್ಟಿಗೆ ತೆರೆದರೆ ಅಲ್ಲಿ ಒಂದು ಗೇಣು ಹಸಿರು ವೈರ್, ನ್ಯೂಟ್ರಲಿನಿಂದ ಜನರೇಟರಿನ ಮೈಗೆ.

ಅದು ತಪ್ಪಲ್ಲ, ಗಮನಿಸಿ. ಜನರೇಟರ್ ಓಡುವಾಗ ಆ ವೈರ್ ಬೇಕು. ನಮ್ಮ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲನ್ನು ಅರ್ತಿಗೆ ಕಟ್ಟಿರುತ್ತಾರಲ್ಲ, ನೀರಿನ ನಡುವೆ ಜನರೇಟರೇ ಟ್ರಾನ್ಸ್‌ಫಾರ್ಮರ್. ತಪ್ಪಿದ್ದದ್ದು ಚೇಂಜ್‌ಓವರ್ ಸ್ವಿಚ್ಚಿನಲ್ಲಿ, ಅಂದರೆ ದಕ್ಕೆಯ ಕರೆಂಟೋ ಜನರೇಟರೋ ಅಂತ ಬದಲಿಸುವ ಸ್ವಿಚ್ಚಿನಲ್ಲಿ. ಅದು ಫೇಸನ್ನು ಮಾತ್ರ ಬದಲಿಸುತ್ತಿತ್ತು, ನ್ಯೂಟ್ರಲ್ ಎರಡಕ್ಕೂ ಒಂದೇ. ದಕ್ಕೆಯ ಕರೆಂಟಿನಲ್ಲಿ ಇರುವಾಗಲೂ ಜನರೇಟರಿನ ಆ ಹಸಿರು ವೈರ್ ಜೋಡಣೆಯಲ್ಲೇ ಇರುತ್ತಿತ್ತು. ಹಿಂದಿನವರು ಆರ್‌ಸಿಸಿಬಿಯನ್ನೇ ಕಳಚಿದ್ದರು, ಹಳೆಯ ಅರ್ತೂ ಸತ್ತಿತ್ತು, ಹಾಗಾಗಿ ತಪ್ಪು ಎಲ್ಲಿ ಅಂತ ಯಾರಿಗೂ ಗೊತ್ತಾಗಿರಲಿಲ್ಲ. ನಾನು ಎರಡನ್ನೂ ಸರಿ ಮಾಡಿದ್ದೇ ತಪ್ಪನ್ನು ಹೊರಗೆ ಹಾಕಿತು.

ನಡುವೆ ಆಫ್ ಇರುವ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಚೇಂಜ್‌ಓವರ್ ಹಾಕಿದೆ. ಆ ರಾತ್ರಿ ಎರಡೂ ಎಸಿ ಬೆಳಗಿನವರೆಗೆ ಓಡಿದವು. ಮನೆ ವೈರಿಂಗಿನಲ್ಲಿ ಇಪ್ಪತ್ತು ವರ್ಷದಲ್ಲಿ ಈ ಪಾಠ ನನಗೆ ಸಿಕ್ಕಿರಲಿಲ್ಲ. ಮನೆಗೆ ಅರ್ತ್ ಅಂದರೆ ಕಾಲಡಿಯ ನೆಲ. ಬೋಟಿಗೆ ಅದು ಒಂದು ವೈರಿನ ತುದಿಯಲ್ಲಿ, ದಡದಲ್ಲಿ ಇರುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಮೂರು ತಿಂಗಳು ಕಳೆದು ಇಕ್ಕನ ಫೋನ್. ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟುವ ಜಿಂಕ್ ಮುಗಿದಿದೆ ಅಂತ. ಜಿಂಕ್ ಅಂದರೆ ಸತುವಿನ ಗಟ್ಟಿ. ಉಪ್ಪುನೀರಿನಲ್ಲಿ ಕಂಚಿನ ಪ್ರೊಪೆಲ್ಲರಿನ ಬದಲು ಅದು ಸವೆಯಲಿ ಅಂತ ಕಟ್ಟುವುದು. ಮೊದಲು ವರ್ಷ ಬರುತ್ತಿತ್ತಂತೆ. ಈಗ ಮೂರೇ ತಿಂಗಳು. "ನಿಮ್ಮ ಕರೆಂಟು ಬಂದ ಮೇಲೆ" ಅಂದರು ಇಕ್ಕ. ಸುಳ್ಳಲ್ಲ.

ನಮ್ಮ ಬೋಟಿನ ಪಕ್ಕ ಅದೇ ದಕ್ಕೆಗೆ ಇನ್ನೊಂದು ಕಬ್ಬಿಣದ ಬೋಟು ಕಟ್ಟುತ್ತದೆ. ಅದಕ್ಕೂ ಅದೇ ಕಂಬದಿಂದ ಕರೆಂಟು, ಅದೇ ಅರ್ತ್. ನಮ್ಮ ಸತುವು, ಅವರ ಕಬ್ಬಿಣ, ನಡುವೆ ಉಪ್ಪುನೀರು, ಮೇಲಿನಿಂದ ಎರಡನ್ನೂ ಸೇರಿಸುವ ಅರ್ತ್ ವೈರ್. ಪೂರ್ತಿ ಒಂದು ಬ್ಯಾಟರಿ ಆಯಿತಲ್ಲ! ನಮ್ಮ ಜಿಂಕ್ ಸವೆದು ಅವರ ಬೋಟಿಗೆ ತುಕ್ಕು ಹಿಡಿಯದ ಹಾಗೆ ಕಾಯುತ್ತಿತ್ತು. ಧರ್ಮಕ್ಕೆ.

ಅರ್ತ್ ಕತ್ತರಿಸಿದರೆ ಆಯಿತಲ್ಲ ಅಂದರು ಭಾವನ ಪಾಲುದಾರರು. ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಅದೊಂದು ಕೆಲಸಕ್ಕೆ ನಾನು ಒಪ್ಪಲಿಲ್ಲ. ಫ್ರಿಜ್ಜಿನಲ್ಲೋ ಹೀಟರಿನಲ್ಲೋ ಲೀಕ್ ಆದರೆ ಆ ಕರೆಂಟು ಎಂಜಿನ್, ಶಾಫ್ಟ್ ಹಿಡಿದು ನೀರಿಗೆ ಇಳಿಯುತ್ತದೆ. ಸುತ್ತ ಹುಡುಗರು ಈಜುತ್ತಿರುತ್ತಾರೆ. ಬೇಸಗೆಯ ಉಪ್ಪುನೀರಿಗಿಂತ ಮಳೆಗಾಲದ ಸಿಹಿನೀರು ಇದಕ್ಕೆ ಹೆಚ್ಚು ಅಪಾಯ. ಉಪ್ಪುನೀರಿನಲ್ಲಿ ಕರೆಂಟು ನೀರಿನಲ್ಲೇ ಹರಡಿ ಹೋಗುತ್ತದೆ. ಸಿಹಿನೀರಿಗಿಂತ ಮನುಷ್ಯನ ಮೈಯೇ ಅದಕ್ಕೆ ಸಲೀಸು ದಾರಿ. ಜೂನ್ ಬಂದು ತೇಜಸ್ವಿನಿ ಹೊಳೆ ತುಂಬಿದರೆ ನಮ್ಮ ದಕ್ಕೆಯ ನೀರು ಎಷ್ಟು ಸಪ್ಪೆ ಅಂತ ಅಲ್ಲಿಯ ಹುಡುಗರಿಗೇ ಗೊತ್ತು.

ಇದಕ್ಕೆ ಗ್ಯಾಲ್ವನಿಕ್ ಐಸೊಲೇಟರ್ ಅಂತ ಒಂದು ಡಬ್ಬಿ ಬರುತ್ತದೆ. ಒಳಗೆ ಇರುವುದು ದಪ್ಪ ಡಯೋಡುಗಳು, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು, ಎರಡು ಈ ಕಡೆ ಮುಖ, ಎರಡು ಆ ಕಡೆ ಮುಖ. ಸುಮಾರು 1.2 ವೋಲ್ಟ್ ಒಳಗಿನದ್ದನ್ನು ತಡೆಯುತ್ತದೆ. ಎರಡು ಲೋಹಗಳ ನಡುವೆ ಹುಟ್ಟುವುದು ಅದಕ್ಕಿಂತ ಕಡಿಮೆ. ನಿಜವಾದ ಲೀಕ್ ಬಂದರೆ ಸಲೀಸಾಗಿ ದಾಟಿಸುತ್ತದೆ. ಪ್ರಾಣವೂ ಉಳಿಯಿತು, ಜಿಂಕೂ ಉಳಿಯಿತು. ಇನ್‌ಲೆಟ್ಟಿನಿಂದ ಒಳಗೆ ಬರುವ ಅರ್ತ್ ವೈರ್ ಬೇರೆ ಎಲ್ಲೂ ಮುಟ್ಟುವ ಮೊದಲು ಈ ಡಬ್ಬಿ ದಾಟಬೇಕು. ಪಕ್ಕದಲ್ಲಿ ಇನ್ನೊಂದು ದಾರಿ ಉಳಿದರೆ ಡಬ್ಬಿ ಇದ್ದೂ ಇಲ್ಲದ ಹಾಗೆ. ಇದಕ್ಕಿಂತ ಒಳ್ಳೆಯದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಅದು ದಡದ ವೈರಿಗೂ ಬೋಟಿನ ವೈರಿಗೂ ನೇರ ಜೋಡಣೆಯೇ ಇಲ್ಲದ ಹಾಗೆ ಮಾಡುತ್ತದೆ, ಆದರೆ ಅದರ ಭಾರ ಮತ್ತು ಬೆಲೆ ನಮ್ಮ ಬೋಟಿಗೆ ಹೇಳಿದ್ದಲ್ಲ.

ಈಗ ದಿನಾ ಜೋಡಿಸುವುದು ಇಕ್ಕ. ಕ್ರಮ ಅವರಿಗೆ ಬಾಯಿಪಾಠ ಮಾಡಿಸಿದ್ದೇನೆ. ಬೋಟಿನ ಮೇನ್ ಆಫ್, ಕಂಬದ ಸ್ವಿಚ್ ಆಫ್. ಮೊದಲು ಬೋಟಿನ ತುದಿ, ಆಮೇಲೆ ಕಂಬದ ತುದಿ. ಕಂಬದ ಸ್ವಿಚ್ ಹಾಕಿ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಬೇಕು, ಅದು ಬೀಳಲೇಬೇಕು. ಎತ್ತಿ, ಆಮೇಲೆ ಬೋಟಿನ ಮೇನ್. ಎಸಿ ಒಂದಾದ ಮೇಲೆ ಒಂದು. ಬೆಳಿಗ್ಗೆ ಕಳಚುವಾಗ ಇದೆಲ್ಲ ಉಲ್ಟಾ, ಕಂಬದ ತುದಿ ಮೊದಲು. ಕೇಬಲ್ ಇನ್‌ಲೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಬರಬೇಕು, ಆಗ ಮಳೆನೀರು ಪ್ಲಗ್ಗಿಗೆ ಇಳಿಯದೆ ಕೆಳಗೆ ತೊಟ್ಟಿಕ್ಕುತ್ತದೆ. ನೀರು ಏರಿ ಇಳಿಯುವಾಗ ಬೋಟೂ ಏರಿ ಇಳಿಯುತ್ತದೆ, ಅದಕ್ಕೆ ಸಡಿಲ ಬಿಡಬೇಕು. ಆದರೆ ಉಳಿದ ಕೇಬಲನ್ನು ಸುರುಳಿ ಸುತ್ತಿ ಇಡಬಾರದು. ಒಮ್ಮೆ ಅಡುಗೆಯವರು ಅಂದಕ್ಕೆ ಅಂತ ಚೆನ್ನಾಗಿ ಸುತ್ತಿ ಮೇಲೆ ಚಾಪೆ ಮುಚ್ಚಿದ್ದರು. ಬೆಳಿಗ್ಗೆ ಮುಟ್ಟಿದರೆ ದೋಸೆಕಲ್ಲಿನಷ್ಟು ಬಿಸಿ.

ಐಸೊಲೇಟರ್ ಹಾಕಿ ಎಂಟು ತಿಂಗಳ ಮೇಲೆ, ಮಳೆಗಾಲಕ್ಕೆ ಮುಂಚೆ ಬೋಟನ್ನು ದಡಕ್ಕೆ ಎಳೆದಾಗ ನಾನೂ ಹೋಗಿದ್ದೆ. ಇಕ್ಕ ಬಗ್ಗಿ ಶಾಫ್ಟಿನ ಚಿಪ್ಪು, ಪಾಚಿ ಕೆರೆದು ತೆಗೆದರು. ಜಿಂಕ್ ಅಲ್ಲೇ ಇತ್ತು, ಅಂಚು ಸವೆದಿತ್ತು, ಮುಕ್ಕಾಲು ಪಾಲು ಉಳಿದಿತ್ತು. ಉಗುರಿನಿಂದ ಕೆರೆದು ನೋಡಿ, ಇದು ಇನ್ನೊಂದು ಸೀಸನ್ ಬರುತ್ತದೆ ಅಂದರು. ಪಕ್ಕದ ಕಬ್ಬಿಣದ ಬೋಟಿನವರು ಮಾತ್ರ ಈ ವರ್ಷ ಯಾಕೋ ತುಕ್ಕು ಜಾಸ್ತಿ ಮಾರಾಯರೇ ಅನ್ನುತ್ತಿದ್ದರು. ನಾನು ಆ ಡಬ್ಬಿಯ ಬೆಲೆ ಎಷ್ಟು ಅಂತ ಅವರಿಗೂ ಹೇಳಿ ಬಂದೆ.