ಕಣ್ಣು ಮಿಟುಕಿಸ್ರಿ, ಆಯಿ

ಆಯಿ ನಾಲ್ಕು ಸಲ ಹೆಬ್ಬೆರಳು ಇಟ್ಟರೂ ಮಷೀನ್ ಒಪ್ಪಲಿಲ್ಲ. ಐದನೇ ಸಲಕ್ಕೆ ಅವರಿಗೇ ಸಿಟ್ಟು ಬಂತು. "ಯಪ್ಪಾ, ನಾ ನಿನ್ನ ಮುಂದೇ ಕುಂತೀನಲ್ಲೋ. ಜಿಂದಾ ಅದೀನೋ ಇಲ್ಲೋ ಅಂತ ಅದಕ್ಕೇನು ಕೇಳ್ತಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಮಷೀನಿನ ಗಾಜು ಒರೆಸಿದೆ.

ನಾನು ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ಒಂದು ಸಣ್ಣ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಪಹಣಿ, ಜಾತಿ-ಆದಾಯದ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ ಫಾರಂ, ಇವೇ ಕೆಲಸ. ಜೊತೆಗೆ ಪಿಂಚಣಿದಾರರ ಜೀವನ್ ಪ್ರಮಾಣ್. ಪಿಂಚಣಿ ತಗೊಳ್ಳೋರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕಲ್ವಾ, ಅದು. 2014ರ ನವೆಂಬರಿನಲ್ಲಿ ಇದು ಆನ್‌ಲೈನ್ ಆಯಿತು. ಅದಕ್ಕೂ ಮೊದಲು ಬ್ಯಾಂಕಿಗೆ ಹೋಗಿ ಒಬ್ಬ ಮನುಷ್ಯನ ಎದುರು ನಿಂತು ಸಹಿ ಹಾಕಿದರೆ ಮುಗಿಯಿತು. ಆತ ನೋಡಿದ, ಬರೆದುಕೊಂಡ. ಈಗ ನೋಡೋದು ಕಂಪ್ಯೂಟರ್.

ಅದಕ್ಕೆ ಏನು ಕಾಣುತ್ತದೆ ಅಂತ ತಿಳಿಯೋಕೆ ನನಗೇ ಎರಡು ವರ್ಷ ಬೇಕಾಯಿತು. ಬೆರಳಿನ ಮೇಲಿನ ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡಾಗಿ ಒಡೆಯುತ್ತದೆ, ಅದು ಅಂಥ ಜಾಗಗಳನ್ನೇ ಗುರುತು ಹಾಕಿಕೊಂಡು ಹಳೆಯದಕ್ಕೆ ಹೋಲಿಸುತ್ತದೆ. ಆದರೆ ನಮ್ಮೂರು ನೆಲಕ್ಕೆ ಹಾಸೋ ಫರ್ಸಿ ಕಲ್ಲಿನ ಊರು. ಮೂವತ್ತು ವರ್ಷ ಕಲ್ಲು ಎತ್ತಿ, ಸೀಳಿ, ಲಾರಿಗೆ ಹೇರಿದ ಕೈಯಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಆ ಆಯಿಯ ಗಂಡ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದರು, ಈಗ ಬರೋದು ಅವರ ಪಿಂಚಣಿ. ಆಯಿ ದುಡಿದದ್ದು ಕಲ್ಲಿನ ಗಣಿಯಲ್ಲಿ. ಅವರ ಬೆರಳು ಮುಟ್ಟಿ ನೋಡಿದೆ, ನುಣ್ಣಗೆ ನಾಣ್ಯದ ಹಾಗೆ ಇತ್ತು.

ಹಾಗಾಗಿ ನಾನೇ ಒಂದೊಂದು ಉಪಾಯ ಕಲಿತೆ. ಮೊದಲು ಸೋಪು ಹಚ್ಚಿ ಕೈ ತೊಳೆಸುತ್ತೇನೆ. ಏಪ್ರಿಲ್-ಮೇ ಬಿಸಿಲಿಗೆ ಚರ್ಮ ಒಣಗಿರುತ್ತದೆ, ಒಣ ಬೆರಳಿನ ಅಚ್ಚು ಸರಿಯಾಗಿ ಮೂಡೋದಿಲ್ಲ, ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ನಿಮಿಷ ಬಿಟ್ಟು ಇಡಿಸಬೇಕು. ಕೆಲವರಿಗೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಪೂರ್ತಿ ಒರೆಸಿಬಿಟ್ಟರೆ ಕೆಲಸ ಆಗುತ್ತದೆ. ಎಲ್ಲರೂ ಹೆಬ್ಬೆರಳನ್ನೇ ಮುಂದೆ ಮಾಡುತ್ತಾರೆ, ಹಳೇ ಕಾಲದ ಹೆಬ್ಬೆಟ್ಟಿನ ರೂಢಿ. ಆದರೆ ಆಧಾರ್‌ನಲ್ಲಿ ಹತ್ತೂ ಬೆರಳು ಇರುತ್ತವೆ. ಕಿರುಬೆರಳು, ಉಂಗುರದ ಬೆರಳು ಕಡಿಮೆ ಸವೆದಿರುತ್ತವೆ. ಆಯಿಯ ಎಡಗೈ ಉಂಗುರದ ಬೆರಳೂ ನಡೆಯಲಿಲ್ಲ, ಅದು ಬೇರೆ ಮಾತು.

ಬೆರಳು ಬಿಡಿ, ಹೆಸರು, ಹುಟ್ಟಿದ ದಿನ ಇವೂ ಹಾಗೇ. ಶರಣಪ್ಪ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಒಂದು 'ಎ' ಜಾಸ್ತಿ ಬಿದ್ದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಶರಣಪ್ಪಗಳು. ನಮ್ಮ ಕಡೆ ಎಷ್ಟೋ ಹಿರಿಯರ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ವಯಸ್ಸು ಅಂದಾಜು ಹೇಳಿದ್ದರು, ಅಷ್ಟೇ. ಆಯಿಯನ್ನು ಕೇಳಿದರೆ "ರಜಾಕಾರರ ಗದ್ದಲದಾಗ ನಾ ತೊಟ್ಟಿಲದಾಗ ಇದ್ದೆ" ಅನ್ನುತ್ತಾರೆ. ಅಂದರೆ ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದ ಕಾಲ, 1948. ಕಾರ್ಡಿನಲ್ಲಿ 1956, ಜನವರಿ 1. ನನ್ನ ಕೇಳಿದರೆ ಆಯಿ ಹೇಳಿದ್ದೇ ಜಾಸ್ತಿ ಖಚಿತ. ಆದರೆ ರಜಾಕಾರರ ಗದ್ದಲ ಅಂತ ತುಂಬಲು ಫಾರಂನಲ್ಲಿ ಜಾಗ ಇಲ್ಲ.

ನನ್ನದೂ ಏನು ಬೇರೆ ಕಥೆ ಅಲ್ಲ. ದಿನಕ್ಕೆ ಐವತ್ತು ಸಲವಾದರೂ ಕ್ಯಾಪ್ಚಾ ತುಂಬುತ್ತೇನೆ. 'ನಾನು ರೋಬೋಟ್ ಅಲ್ಲ' ಅಂತ ಟಿಕ್ ಹಾಕಬೇಕು, ಇಲ್ಲವೇ ಚಿತ್ರಗಳಲ್ಲಿ ಬೆಂಕಿ ಆರಿಸುವ ನೀರಿನ ನಲ್ಲಿ ಎಲ್ಲಿದೆ ಹುಡುಕಬೇಕು. ಅಮೆರಿಕದ ಬೀದಿಯ ಕೆಂಪು ನಲ್ಲಿ ಅದು. ಶಹಾಬಾದಿನಲ್ಲಿ ಅಂಥದ್ದನ್ನು ನಾನು ಒಂದೂ ನೋಡಿಲ್ಲ, ಆದರೂ ಮನುಷ್ಯ ಅನ್ನಿಸಿಕೊಳ್ಳೋಕೆ ಅದು ಗೊತ್ತಿರಬೇಕು. 1950ರಲ್ಲಿ ಅಲನ್ ಟ್ಯೂರಿಂಗ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ ಹೇಳಿದ ಪರೀಕ್ಷೆಯಲ್ಲಿ ಮನುಷ್ಯ ಪ್ರಶ್ನೆ ಕೇಳುತ್ತಿದ್ದ, ಯಂತ್ರ ತಾನೂ ಮನುಷ್ಯನ ಹಾಗೆ ಅಂತ ತೋರಿಸಬೇಕಿತ್ತು. ಕ್ಯಾಪ್ಚಾ ಅನ್ನೋ ಹೆಸರಿನ ನಡುವಿನ 'ಟಿ' ಆ ಟ್ಯೂರಿಂಗ್‌ನದೇ. ಈಗ ಮೇಷ್ಟ್ರ ಕುರ್ಚಿಯಲ್ಲಿ ಯಂತ್ರ ಕೂತಿದೆ, ಬೆಂಚಿನ ಮೇಲೆ ನಾವು. ತಮಾಷೆ ಏನಂದರೆ ಅಂಥ ಚಿತ್ರಗಳನ್ನು ಈಗಿನ ಪ್ರೋಗ್ರಾಂಗಳೇ ನನಗಿಂತ ಬೇಗ ಗುರುತು ಹಿಡಿಯುತ್ತವೆ. ನಾನು ಎಷ್ಟೋ ಸಲ ಫೇಲ್ ಆಗುತ್ತೇನೆ.

ಇದೆಲ್ಲ ಕೇಳಿ ನಾನು ಕಂಪ್ಯೂಟರ್ ವಿರೋಧಿ ಅಂದುಕೊಳ್ಳಬೇಡಿ, ನನ್ನ ಹೊಟ್ಟೆ ತುಂಬೋದೇ ಅದರಿಂದ. ಸತ್ತವರ ಹೆಸರಲ್ಲಿ ಪಿಂಚಣಿ ಎತ್ತೋರನ್ನು ಅದು ತಡೆಯುತ್ತದೆ. ಬೆರಳು ಇಡುವವರ ಜಾತಿ ಯಾವುದು, ಯಾರ ಕಡೆಯವರು ಅಂತ ಕೇಳೋದಿಲ್ಲ. ಮೊದಲು 'ಇವ ನಮ್ಮವ, ನಂಗೆ ಗೊತ್ತು' ಅಂತ ಹೇಳೋಕೆ ಊರಿನಲ್ಲಿ ಒಬ್ಬ ದೊಡ್ಡ ಮನುಷ್ಯ ಬೇಕಿತ್ತು, ಅವರ ಮನೆ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಅದು ತಪ್ಪಿತು. ಆದರೆ ಆ ದೊಡ್ಡ ಮನುಷ್ಯನಿಗೆ ಕಣ್ಣಾದರೂ ಇತ್ತು, ಎದುರಿಗೆ ನಿಂತಿದ್ದು ಕಾಣುತ್ತಿತ್ತು.

2021ರ ನವೆಂಬರಿನಲ್ಲಿ ಮುಖ ತೋರಿಸುವ ವ್ಯವಸ್ಥೆ ಬಂದ ಮೇಲೆ ನನ್ನ ಕೆಲಸ ಎಷ್ಟೋ ಹಗುರ ಆಯಿತು. ಆಯಿಯ ಕೆಲಸ ಮುಗಿದದ್ದೂ ಮುಖದಿಂದಲೇ. ಫೋನ್ ಸಾಕು. ಮೊದಲು ಸೆಂಟರಿನವನು ತನ್ನ ಮುಖ ತೋರಿಸಿ ನೋಂದಾಯಿಸಿಕೊಳ್ಳಬೇಕು, ಆಮೇಲೆ ಪಿಂಚಣಿದಾರರದು. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಬಾಗಿಲು ಇರಬಾರದು, ಕನ್ನಡಕ ತೆಗೆದರೆ ಒಳ್ಳೇದು, ಸೆರಗು ಹಣೆಯ ಮೇಲಿಂದ ಸ್ವಲ್ಪ ಹಿಂದೆ ಸರಿಸಬೇಕು. ಇದನ್ನು ಆಯಿಗಳಿಗೆ ಸೊಸೆಯರ ಕಡೆಯಿಂದ ಹೇಳಿಸೋದೇ ವಾಸಿ. ಕೊನೆಗೆ ಕಣ್ಣು ಮಿಟುಕಿಸಬೇಕು. ಫೋಟೋ ಹಿಡಿದು ಮೋಸ ಮಾಡಬಾರದು ಅಂತ. "ಕಣ್ಣು ಮಿಟುಕಿಸ್ರಿ, ಆಯಿ" ಅಂದರೆ ಕೆಲವರು ನಾಚಿಕೊಳ್ಳುತ್ತಾರೆ, ಈ ಆಯಿ ಮೊದಲ ಸಲ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆಯಲೇ ಇಲ್ಲ.

ಹೋದ ವರ್ಷ ಒಬ್ಬ ಕಾಕಾ ಅವರ ಮನೆಗೆ ಹೋಗಿದ್ದೆ. ಲಕ್ವ ಹೊಡೆದು ಮೂರು ವರ್ಷದಿಂದ ಹಾಸಿಗೆ ಮೇಲೆ. ನನ್ನನ್ನು ಸಣ್ಣವನಿದ್ದಾಗಿಂದ ನೋಡಿದವರು. ಒಳಗೆ ಕಾಲಿಟ್ಟ ಕೂಡಲೇ ಬಾಯಿಯ ಒಂದು ಮೂಲೆಯಲ್ಲಿ ನಕ್ಕರು, ಗುರುತು ಸಿಕ್ಕಿತ್ತು. ಫೋನ್ ಹಿಡಿದು ಕಣ್ಣು ಮಿಟುಕಿಸ್ರಿ ಅಂದೆ, ಹೇಳಿದ್ದು ತಿಳಿಯಲಿಲ್ಲವೋ, ಆಗಲಿಲ್ಲವೋ, ಸುಮ್ಮನೆ ನಗುತ್ತಲೇ ಇದ್ದರು. ಟೈಮ್ ಮುಗಿಯಿತು. ಮತ್ತೆ ಮಾಡಿದೆ. ಮತ್ತೆ ಮುಗಿಯಿತು. ಆಗ ಹೊಳೆಯಿತು, ಹೇಳೋದನ್ನೇ ಬಿಡಬೇಕು ಅಂತ. ಯಾರ ಕಣ್ಣಾದರೂ ತಾನಾಗೇ ಬಡಿಯುತ್ತದಲ್ಲ, ಕೈ ಅಲುಗಿಸದೆ ಫೋನ್ ಹಿಡಿದು ಕಾಯ್ದೆ. ಕಾಕು ದಿಂಬು ಎತ್ತಿ ಹಿಡಿದಿದ್ದರು. ನಾಲ್ಕನೇ ಸಲಕ್ಕೆ ರೆಪ್ಪೆ ಬಿತ್ತು, ಹಸಿರು ಟಿಕ್ ಬಂತು.

"ಆತೇನು? ಅವ್ರು ನಕ್ಕಿದ್ದು ಬಂದದೇನು ಅದ್ರಾಗ?" ಅಂತ ಕಾಕು ಕೇಳಿದರು.

"ಇಲ್ಲ ಕಾಕು, ಕಣ್ಣು ಅಷ್ಟೇ ಬೇಕಿತ್ತು" ಅಂದೆ. ದಿಂಬು ಕೆಳಗಿಟ್ಟು ಚಹಾ ಮಾಡಲು ಒಳಗೆ ಹೋದರು.