ಟೆನಿಸ್ ರ‍್ಯಾಕೆಟ್‌ಗೆ ಮನೆಯಲ್ಲೇ ಗಟ್ಟಿಂಗ್

ಹಳೆಯ ಗಟ್ (ಚೌಕಟ್ಟಿಗೆ ಹೆಣೆದ ಎಳೆ) ಕತ್ತರಿಸುವ ಮೊದಲು ಫೋನಿನಲ್ಲಿ ನಾಲ್ಕು ಫೋಟೊ ತೆಗೆದಿಡಿ: ತಲೆಯ ಕಡೆ, ಹಿಡಿಕೆಯ ಕಡೆ, ಎರಡು ಪಕ್ಕ. ಉದ್ದದ ಎಳೆ ಯಾವ ತೂತುಗಳನ್ನು ಬಿಟ್ಟು ಹೋಗಿದೆ, ಗಂಟು ಎಲ್ಲಿ ಬಿದ್ದಿದೆ ಎಂಬುದು ಅದರಲ್ಲಿ ಕಾಣಬೇಕು. ಮಾಡೆಲ್‌ನಿಂದ ಮಾಡೆಲ್‌ಗೆ ಈ ಲೆಕ್ಕ ಬೇರೆ.

ಬೇಕಾಗುವ ಸಾಮಾನು: ಸರಳಿಗೆ ತೂಕದ ಗುಂಡು ಕಟ್ಟಿದ ಡ್ರಾಪ್ ವೇಟ್ ಮಷಿನ್, ಎರಡು ಕ್ಲ್ಯಾಂಪ್ (ಎಳೆದ ಗಟ್ಟನ್ನು ಸಡಿಲವಾಗದಂತೆ ಕಚ್ಚಿ ಹಿಡಿಯುವ ಚಿಮಟ), ಒಂದು ಸ್ಟಾರ್ಟಿಂಗ್ ಕ್ಲ್ಯಾಂಪ್, ಕಟರ್, ಚೂಪು ಮೂತಿಯ ಇಕ್ಕಳ, 12 ಮೀಟರ್ ಗಟ್. ಬಿಗಿ ಎಷ್ಟಿರಬೇಕೆಂದು ಚೌಕಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ. 50ರಿಂದ 60 ಪೌಂಡ್ ಎಂದಿದ್ದರೆ ಮೊದಲ ಸಲಕ್ಕೆ 54 ಸಾಕು. ಪಾಲಿಯೆಸ್ಟರ್ ಗಡುಸು, ಕೈಗೆ ಪೆಟ್ಟು ಜಾಸ್ತಿ. ಅದಕ್ಕೆ ಎರಡು ಮೂರು ಪೌಂಡ್ ಇಳಿಸಿ.

ಹಳೆಯ ಗಟ್ಟನ್ನು ನಡುವಿನಿಂದ ಹೊರಕ್ಕೆ, ಉದ್ದ ಅಡ್ಡ ಎರಡನ್ನೂ ಸೇರಿಸಿ ಕತ್ತರಿಸುತ್ತಾ ಬನ್ನಿ. ಒಂದು ದಿಕ್ಕಿನದನ್ನು ಮಾತ್ರ ತೆಗೆದರೆ ಇನ್ನೊಂದರ ಎಳೆತಕ್ಕೆ ಚೌಕಟ್ಟು ಸೊಟ್ಟಗಾಗುತ್ತದೆ. ಆಮೇಲೆ ತೂತುಗಳ ಪ್ಲಾಸ್ಟಿಕ್ ಗ್ರಾಮೆಟ್‌ಗಳನ್ನು ಬೆರಳಾಡಿಸಿ ನೋಡಿ. ಒಡೆದದ್ದಿದ್ದರೆ ಬದಲಿಸಿ, ಒಡಕಿನ ಅಂಚು ಹೊಸ ಗಟ್ಟನ್ನು ಬ್ಲೇಡಿನಂತೆ ಕುಯ್ಯುತ್ತದೆ.

16 ಉದ್ದ, 19 ಅಡ್ಡ ಎಳೆಯ ರ‍್ಯಾಕೆಟ್ ಎಂದಿಟ್ಟುಕೊಳ್ಳಿ. ಗಟ್ಟನ್ನು ಎರಡು ತುಂಡು ಮಾಡಿ: ಉದ್ದಕ್ಕೆ 6.4 ಮೀಟರ್, ಅಡ್ಡಕ್ಕೆ ಉಳಿದದ್ದು. ದೊಡ್ಡ ತುಂಡನ್ನು ನಡುವಿನ ಎರಡು ತೂತುಗಳಲ್ಲಿ ಸಮವಾಗಿ ತೂರಿಸಿ, ಎಡಗಡೆ ಎಳೆಯನ್ನು ಚೌಕಟ್ಟಿನ ಹೊರಗೆ ಸ್ಟಾರ್ಟಿಂಗ್ ಕ್ಲ್ಯಾಂಪಿನಿಂದ ಹಿಡಿಸಿ. ಬಲಗಡೆ ಎರಡು ಎಳೆ ಪೋಣಿಸಿ, ಒಟ್ಟಿಗೆ ಎಳೆದು, ಕ್ಲ್ಯಾಂಪ್ ಹಾಕಿ. ನಂತರ ಎಡಗಡೆ. ಒಂದು ಪಕ್ಕ ಇನ್ನೊಂದಕ್ಕಿಂತ ಮೂರು ಎಳೆಗಿಂತ ಮುಂದೆ ಹೋಗಕೂಡದು. ಗ್ರಾಫೈಟ್ ಚೌಕಟ್ಟು ಬಿರಿಯುವುದು ಹೆಚ್ಚಾಗಿ ಇಂಥ ಅವಸರದಲ್ಲೇ.

ತೂಕದ ಸರಳು ನೆಲಕ್ಕೆ ಸಮಾನಾಂತರವಾಗಿ ನಿಂತಾಗ ಮಾತ್ರ ಹೊಂದಿಸಿದ ಬಿಗಿ ಬರುತ್ತದೆ. ಕೆಳಕ್ಕೆ ವಾಲಿದರೆ ಸರಳನ್ನೆತ್ತಿ, ಸಡಿಲ ಗಟ್ಟನ್ನು ಒಳಕ್ಕೆಳೆದು ಮತ್ತೆ ನಿಧಾನವಾಗಿ ಇಳಿಸಿ. 10 ಡಿಗ್ರಿ ವ್ಯತ್ಯಾಸಕ್ಕೆ ಕಳೆಯುವುದು ಶೇ 1.5ರಷ್ಟೇ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸರಳನ್ನು ಮೇಲಿಂದ ಧಡಕ್ಕನೆ ಬಿಡಬೇಡಿ. ಕ್ಲ್ಯಾಂಪ್ ಜಾರಿದರೆ ಗಟ್ಟಿನ ಮೇಲೆ ಬೆಳ್ಳಗೆ ಉಜ್ಜಿದ ಗುರುತು ಬೀಳುತ್ತದೆ. ಹಲ್ಲುಗಳನ್ನು ಸ್ಪಿರಿಟ್‌ನಿಂದ ಒರೆಸಿ, ಹಿಡಿತ ಒಂಚೂರು ಬಿಗಿಮಾಡಿ.

ಉದ್ದದ ಎಳೆಗಳು ಮುಗಿದ ಮೇಲೆ ಕೆಲಸ ನಾಳೆಗಿಡಬೇಡಿ. ಆಗ ಚೌಕಟ್ಟು ಉದ್ದದಲ್ಲಿ ಕುಗ್ಗಿ ಅಗಲದಲ್ಲಿ ಉಬ್ಬಿರುತ್ತದೆ. ಅದನ್ನು ಮೊದಲಿನ ಆಕಾರಕ್ಕೆ ತರುವುದು ಅಡ್ಡ ಎಳೆಗಳೇ.

ಮಗ್ಗದ ಮಾತಿನಲ್ಲಿ ಹೇಳುವುದಾದರೆ ಹಾಸು ಮುಗಿಯಿತು, ಇನ್ನು ಹೊಕ್ಕು. ತಲೆಯ ಕಡೆಯಿಂದ ಹಿಡಿಕೆಯ ಕಡೆಗೆ, ಒಂದರ ಮೇಲೆ ಒಂದರ ಕೆಳಗೆ ಹೆಣೆಯುತ್ತಾ ಬನ್ನಿ. ಎಡಗೈ ಬೆರಳಿನ ತುದಿ ಕೆಳಗಿನಿಂದ ಉದ್ದದ ಎಳೆಯನ್ನು ತುಸು ಎತ್ತಿ ಹಿಡಿಯಲಿ, ಬಲಗೈ ಗಟ್ಟಿನ ತುದಿಯನ್ನು ಅದರಡಿ ದೂಡಲಿ. ಉಳಿದ ಮೀಟರುಗಟ್ಟಲೆ ಗಟ್ಟನ್ನು ಒಂದೇ ಜಾಗದಲ್ಲಿ ಉಜ್ಜಿಕೊಂಡು ಸರ್ರನೆ ಎಳೆದರೆ ಬಿಸಿಗೆ ಉದ್ದದ ಎಳೆಯಲ್ಲಿ ಕಚ್ಚು ಬೀಳುತ್ತದೆ. ಬೀಸಣಿಗೆ ಆಡಿಸಿದಂತೆ ಮೇಲೆ ಕೆಳಗೆ ಸರಿಸುತ್ತಾ ಎಳೆಯಿರಿ. ದನದ ಕರುಳಿನಿಂದ ಮಾಡಿದ ಅಸಲಿ ಗಟ್ಟಿಗೆ (ಗಟ್ಟಿಂಗ್ ಎಂಬ ಹೆಸರು ಬಂದದ್ದೇ ಅದರಿಂದ) ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಪ್ರತಿ ಎಳೆಯನ್ನೂ ತೂಕಕ್ಕೆ ಹಾಕುವ ಮೊದಲು ಬೆರಳಿನಿಂದ ನೆಟ್ಟಗೆ ಮಾಡಿ, ಹೆಣಿಗೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿ. ನಾಲ್ಕನೆಯದರಲ್ಲಾದ ತಪ್ಪು ಹದಿನೆಂಟನೆಯದರಲ್ಲಿ ಕಂಡರೆ ಹದಿನೈದು ಎಳೆ ಬಿಚ್ಚಬೇಕು.

ಗಂಟು ಹಾಕಲು ಅಗಲವಾದ ತೂತುಗಳೇ ಇವೆ, ಫೋಟೊ ನೋಡಿ. ಪಕ್ಕದ ಬಿಗಿ ಎಳೆಗೆ ಎರಡು ಸುತ್ತು ಹಾಕಿ ಇಕ್ಕಳದಿಂದ ಎಳೆಯಿರಿ. ಮಷಿನ್‌ನಿಂದ ಎಳೆದರೆ ಗಂಟು ಗ್ರಾಮೆಟ್ ಸೀಳಿಕೊಂಡು ಒಳಗೆ ಹೋಗುತ್ತದೆ. ಬಾಲ ಅರ್ಧ ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಾತ್ರ ಈ ರ‍್ಯಾಕೆಟ್ ಇಡಬೇಡಿ. ಕೂಡಿಸಿದ ಬಿಗಿ ಆ ಶಾಖಕ್ಕೆ ಬೇಗ ಸಡಿಲವಾಗುತ್ತದೆ.