ಪಾಯಿಂಟ್‌ಗಳಿಂದ ಬೆಂಗಳೂರಿನ ಐಷಾರಾಮಿ ಹೋಟೆಲಿನಲ್ಲಿ ಒಂದು ರಾತ್ರಿ: ಲೆಕ್ಕ, ಬುಕಿಂಗ್, ಎಚ್ಚರಿಕೆ

ನನ್ನ ತಂದೆ-ತಾಯಿಯ ಮದುವೆಗೆ 40 ವರ್ಷ ತುಂಬಿದಾಗ, ತಿಪಟೂರಿನಿಂದ ಬರುವ ಅವರಿಬ್ಬರನ್ನು ಕಬ್ಬನ್ ಪಾರ್ಕಿನ ಸಮೀಪದ ಹೋಟೆಲೊಂದರಲ್ಲಿ ಒಂದು ರಾತ್ರಿ ಉಳಿಸಬೇಕೆಂದು ಆಸೆಪಟ್ಟೆ. ಕೋಣೆಯ ಬಾಡಿಗೆ ಕೇಳಿದೊಡನೆ ಅಮ್ಮ, 'ಒಂದು ರಾತ್ರಿ ಮಲಗೋದಕ್ಕೆ ಅಷ್ಟು ದುಡ್ಡು ಯಾಕಪ್ಪಾ' ಎಂದು ಖಡಾಖಂಡಿತವಾಗಿ ನಿರಾಕರಿಸಿದರು. ದುಡ್ಡು ಕೊಡುವುದಿಲ್ಲ, ಹೋಟೆಲಿನಲ್ಲಿ ಉಳಿದದ್ದಕ್ಕೂ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೂ ಬಹುಮಾನವಾಗಿ ಬಂದು, ಹಲವು ವರ್ಷಗಳಿಂದ ಕೂಡಿಟ್ಟ ಪಾಯಿಂಟ್‌ಗಳನ್ನು ಕೊಡುತ್ತೇನೆ ಎಂದು ವಿವರಿಸಿದ ಮೇಲೆಯೇ ಅವರು ಒಪ್ಪಿದ್ದು. ಪಾಯಿಂಟ್‌ಗಳ ನಿಜವಾದ ಉಪಯೋಗ ಇದೇ ಎಂದು ನಾನು ನಂಬಿದ್ದೇನೆ: ಕೈಯಿಂದ ಹಣ ತೆತ್ತು ನಾವು ಎಂದೂ ಕೊಳ್ಳದ ಒಂದು ರಾತ್ರಿಯನ್ನು, ನಮಗೆ ಬೇಕಾದವರಿಗಾಗಿ, ಬೇಕಾದ ದಿನದಂದು ಪಡೆಯುವುದು. ಆದರೆ ಅದಕ್ಕೆ ಒಂದಿಷ್ಟು ಲೆಕ್ಕಾಚಾರವೂ ಮುಂಜಾಗ್ರತೆಯೂ ಬೇಕು.

ಹೋಟೆಲ್ ಪಾಯಿಂಟ್‌ಗಳಲ್ಲಿ ಎರಡು ಬಗೆಗಳಿವೆ ಎಂಬುದನ್ನು ಮೊದಲು ತಿಳಿದಿರಬೇಕು. ಒಂದು ಬಗೆಯಲ್ಲಿ ಪಾಯಿಂಟಿನ ಬೆಲೆ ರೂಪಾಯಿಗೆ ಕಟ್ಟಿಕೊಂಡಿರುತ್ತದೆ. ತಾಜ್ ಹೋಟೆಲುಗಳಲ್ಲಿ ಬಳಸಬಹುದಾದ ಟಾಟಾ ಸಮೂಹದ ಒಂದು ನ್ಯೂಕಾಯಿನ್ ಎಂದರೆ 1 ರೂಪಾಯಿ. ಐಟಿಸಿ ಹೋಟೆಲುಗಳ ಗ್ರೀನ್ ಪಾಯಿಂಟಿನ ಲೆಕ್ಕವೂ ಹಾಗೆಯೇ. 1887ರಲ್ಲಿ ಸಣ್ಣ ವಸತಿಗೃಹವಾಗಿ ಆರಂಭವಾಗಿ ಇಂದು ರೇಸ್ ಕೋರ್ಸ್ ರಸ್ತೆಯಲ್ಲಿ ವಿಶಾಲ ಹಸಿರಿನ ನಡುವೆ ಇರುವ ತಾಜ್ ವೆಸ್ಟ್ ಎಂಡ್‌ನಲ್ಲಿ ಉಳಿಯಬೇಕೆಂದರೆ, ನಿಮ್ಮ ಖಾತೆಯಲ್ಲಿರುವ ಕಾಯಿನ್‌ಗಳಷ್ಟು ರೂಪಾಯಿ ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ, ಅಷ್ಟೇ. ಇದರಲ್ಲಿ ಹೆಚ್ಚಿನ ಜಾಣ್ಮೆಯೇನೂ ಬೇಡ. ಇನ್ನೊಂದು ಬಗೆಯಲ್ಲಿ ಪಾಯಿಂಟಿನ ಬೆಲೆ ಹೋಟೆಲಿನಿಂದ ಹೋಟೆಲಿಗೆ, ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಲಾಭವಾಗುವುದೂ ಮೋಸಹೋಗುವುದೂ ಇಲ್ಲೇ. ನಾನು ಬಳಸಿರುವ, ಮ್ಯಾರಿಯಟ್ ಸಮೂಹದ ಹೋಟೆಲುಗಳ ಸದಸ್ಯತ್ವ ಯೋಜನೆಯಾದ ಮ್ಯಾರಿಯಟ್ ಬೋನ್‌ವಾಯ್ ಈ ಎರಡನೆಯ ಬಗೆಗೆ ಸೇರಿದ್ದರಿಂದ ಅದನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಬೋನ್‌ವಾಯ್ ಎಂಬ ಹೆಸರು ಬಂದದ್ದು 2019ರಲ್ಲಿ. ಹಿಂದೆ ಪ್ರತಿ ಹೋಟೆಲನ್ನೂ ಒಂದು ದರ್ಜೆಗೆ ಸೇರಿಸಿ, ಆ ದರ್ಜೆಗೆ ಇಷ್ಟು ಪಾಯಿಂಟ್ ಎಂದು ಪಟ್ಟಿ ಪ್ರಕಟಿಸುತ್ತಿದ್ದರು. 2022ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟ ಮೇಲೆ, ನಗದು ದರ ಏರಿದ ದಿನಗಳಲ್ಲಿ ಪಾಯಿಂಟ್ ದರವೂ ಸಾಮಾನ್ಯವಾಗಿ ಏರುತ್ತದೆ. ಆದರೆ ಎರಡೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ನಾವು ಹುಡುಕಬೇಕಾದದ್ದು ಇವೆರಡರ ನಡುವಿನ ಆ ಸಂದನ್ನು.

ಹುಡುಕುವ ಕ್ರಮ ಹೀಗೆ. ಆ್ಯಪಿನಲ್ಲಿ ನಿಮಗೆ ಬೇಕಾದ ದಿನಾಂಕವನ್ನು ಹಾಕಿ, ಮೊದಲು ನಗದು ದರವನ್ನೂ ನಂತರ ಪಾಯಿಂಟ್ ಬಳಸುವ ಆಯ್ಕೆಯನ್ನು ಗುರುತು ಮಾಡಿ ಪಾಯಿಂಟ್ ದರವನ್ನೂ ನೋಡಿ ಬರೆದುಕೊಳ್ಳಿ. ಉದಾಹರಣೆಗೆ ಕೋಣೆಯ ದರ 17,000 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಜಿಎಸ್‌ಟಿ ಶೇ 18 ಇರುವುದರಿಂದ ಅದಕ್ಕೆ 3,060 ರೂಪಾಯಿ ಸೇರಿ ಒಟ್ಟು 20,060 ಆಗುತ್ತದೆ. ಅದೇ ಕೋಣೆಗೆ 34,000 ಪಾಯಿಂಟ್ ಕೇಳುತ್ತಿದ್ದರೆ, ಭಾಗಿಸಿದಾಗ ಒಂದು ಪಾಯಿಂಟಿಗೆ 59 ಪೈಸೆ ಸಿಕ್ಕಂತಾಯಿತು. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಬಾರದು. ನಮ್ಮ ದೇಶದ ಹೋಟೆಲುಗಳ ನಗದು ದರದಲ್ಲಿ ಬೆಳಗಿನ ತಿಂಡಿ ಎಷ್ಟೋ ಸಲ ಸೇರಿರುತ್ತದೆ, ಪಾಯಿಂಟ್ ದರದಲ್ಲಿ ಅನೇಕ ವೇಳೆ ಸೇರಿರುವುದಿಲ್ಲ. ಇಬ್ಬರ ತಿಂಡಿಗೆ ತೆರಿಗೆಯೂ ಸೇರಿ 3,000 ರೂಪಾಯಿ ಬೇರೆಯಾಗಿ ಕೊಡಬೇಕಾಗಿ ಬಂದರೆ ನಿಮಗೆ ನಿಜವಾಗಿ ಉಳಿದದ್ದು 17,060 ಮಾತ್ರ; ಪಾಯಿಂಟಿನ ಬೆಲೆ 50 ಪೈಸೆಗೆ ಇಳಿಯಿತು. ಪಾಯಿಂಟ್ ಬುಕಿಂಗಿನ ಮೇಲೆ ಕೋಣೆಯ ತೆರಿಗೆಯನ್ನು ಹಾಕಿದ್ದಾರೆಯೇ ಎಂಬುದನ್ನು ಕೊನೆಯ ಪುಟದಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಆ ಪಾಯಿಂಟ್‌ಗಳು ಬ್ಯಾಂಕಿನ ಕಾರ್ಡಿನಿಂದ ವರ್ಗಾವಣೆಯಾಗಿ ಬರುವುದಾದರೆ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ನಿಮ್ಮ ಬ್ಯಾಂಕು ತನ್ನ ಎರಡು ಪಾಯಿಂಟಿಗೆ ಹೋಟೆಲಿನ ಒಂದು ಪಾಯಿಂಟ್ ಕೊಡುತ್ತಿದ್ದರೆ, ಮೇಲಿನ ಉದಾಹರಣೆಯಲ್ಲಿ ಬ್ಯಾಂಕಿನ ಪಾಯಿಂಟಿಗೆ ದಕ್ಕಿದ್ದು 25 ಪೈಸೆ. ಅದೇ ಬ್ಯಾಂಕು ಅದನ್ನು 30 ಪೈಸೆಯಂತೆ ಕಾರ್ಡಿನ ಬಿಲ್ಲಿಗೆ ವಜಾ ಮಾಡಿಕೊಡುವುದಾದರೆ, 'ಉಚಿತ' ಕೋಣೆಗಾಗಿ ನೀವು ಕೈಯಿಂದ ನಷ್ಟ ಮಾಡಿಕೊಂಡಂತೆ. ಒಂದಕ್ಕೊಂದರ ಅನುಪಾತ ಇದ್ದಲ್ಲಿ ಅದೇ ಕೋಣೆ ಒಳ್ಳೆಯ ವ್ಯವಹಾರ. ಈ ಅನುಪಾತಗಳನ್ನು ಬ್ಯಾಂಕುಗಳು ಆಗಾಗ ಬದಲಾಯಿಸುತ್ತವೆಯಾದ್ದರಿಂದ ಗೆಳೆಯರ ಮಾತನ್ನೋ ಹಳೆಯ ವಿಡಿಯೊವನ್ನೋ ನಂಬದೆ, ವರ್ಗಾಯಿಸುವ ದಿನವೇ ಬ್ಯಾಂಕಿನ ತಾಣದಲ್ಲಿ ನೋಡಿಕೊಳ್ಳಿ.

ಇನ್ನು ಪಾಯಿಂಟ್ ಕೂಡುವ ಮಾತು. ಬೋನ್‌ವಾಯ್‌ನ ಬಹುಪಾಲು ಹೋಟೆಲುಗಳಲ್ಲಿ ಕೊಟ್ಟ ಹಣವನ್ನು ಡಾಲರಿಗೆ ಪರಿವರ್ತಿಸಿ, ಒಂದು ಡಾಲರಿಗೆ 10 ಪಾಯಿಂಟ್ ಕೊಡುತ್ತಾರೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 17,000 ರೂಪಾಯಿಯ ಕೋಣೆಗೆ ಬರುವುದು 2,000 ಪಾಯಿಂಟ್. ಎಂದರೆ 34,000 ಪಾಯಿಂಟಿನ ಒಂದು ರಾತ್ರಿಗಾಗಿ ಅಂಥ 17 ರಾತ್ರಿ ಉಳಿಯಬೇಕು. ಕಚೇರಿಯ ಖರ್ಚಿನಲ್ಲಿ ಊರೂರು ತಿರುಗುವವರಿಗೆ ಮಾತ್ರ ಇದು ಸಾಧ್ಯವಾದ ದಾರಿ. ಅವರು ಕೂಡ ಹೋಟೆಲಿನ ಸ್ವಂತ ತಾಣದಿಂದಲೋ ಆ್ಯಪಿನಿಂದಲೋ ಬುಕ್ ಮಾಡಿ ಸದಸ್ಯತ್ವದ ಸಂಖ್ಯೆಯನ್ನು ಸೇರಿಸಿರಬೇಕು, ಏಕೆಂದರೆ ಬೇರೆ ಪ್ರವಾಸಿ ತಾಣಗಳ ಮೂಲಕ ಮಾಡಿದ ಬುಕಿಂಗಿಗೆ ಸಾಮಾನ್ಯವಾಗಿ ಪಾಯಿಂಟ್ ಬರುವುದಿಲ್ಲ. ಉಳಿದವರಿಗೆ ಕ್ರೆಡಿಟ್ ಕಾರ್ಡೇ ಗತಿ. 2023ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕು ಮ್ಯಾರಿಯಟ್ ಜೊತೆಗೂಡಿ ಭಾರತದಲ್ಲಿ ತಂದ ಕಾರ್ಡು, ತೆರಿಗೆ ಬಿಟ್ಟು 3,000 ರೂಪಾಯಿ ವಾರ್ಷಿಕ ಶುಲ್ಕಕ್ಕೆ ಪ್ರತಿಯಾಗಿ 15,000 ಪಾಯಿಂಟ್‌ವರೆಗಿನ ಒಂದು ರಾತ್ರಿಯ ವೋಚರನ್ನು ಕೊಡುವ ಷರತ್ತಿನೊಂದಿಗೆ ಆರಂಭವಾಯಿತು. ದರ ಅದಕ್ಕಿಂತ ತುಸು ಹೆಚ್ಚಿದ್ದರೆ ಸ್ವಂತ ಪಾಯಿಂಟ್ ಸೇರಿಸಿ ವೋಚರನ್ನು ಬಳಸಲು ಅವಕಾಶವಿದೆ. ಆದರೆ ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವ ಅಭ್ಯಾಸವಿಲ್ಲದವರು ದಯವಿಟ್ಟು ಈ ದಾರಿಗೆ ಬರಬೇಡಿ. ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿಯ ಮುಂದೆ ಯಾವ ಪಾಯಿಂಟೂ ನಿಲ್ಲುವುದಿಲ್ಲ.

ವರ್ಗಾವಣೆಯ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಕನ್ನಡಿಗರಿಗೆ ವಿಶೇಷವಾಗಿ ಎದುರಾಗುವ ತೊಡಕು. ನಮ್ಮಲ್ಲಿ ಅನೇಕರಿಗೆ ಕುಟುಂಬದ ಅಡ್ಡಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇರುತ್ತವೆ. ಹೋಟೆಲ್ ಖಾತೆಯ ನಮೂನೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಜಾಗಗಳನ್ನು ತುಂಬಲೇಬೇಕಾದ್ದರಿಂದ ನಾನು ತಂದೆಯ ಪೂರ್ಣ ಹೆಸರನ್ನು ಕೊನೆಯಲ್ಲಿ ಬರೆದಿದ್ದೆ. ಕಾರ್ಡಿನ ಮೇಲಾದರೋ ಎರಡು ಇನಿಷಿಯಲ್‌ಗಳು ಹೆಸರಿನ ಮುಂದೆ ಕುಳಿತಿದ್ದವು. ಎರಡೂ ಹೊಂದಲಿಲ್ಲ ಎಂಬ ಕಾರಣಕ್ಕೆ ಬ್ಯಾಂಕಿನವರು ನನ್ನ ಕೋರಿಕೆಯನ್ನು ತಿರಸ್ಕರಿಸಿದರು, ಪಾಯಿಂಟ್‌ಗಳು ಖಾತೆಗೆ ವಾಪಸು ಬರಲು 11 ದಿನ ಹಿಡಿಯಿತು, ಅಷ್ಟರಲ್ಲಿ ನಾನು ಗುರುತು ಮಾಡಿಟ್ಟಿದ್ದ ಶನಿವಾರದ ಕೋಣೆ ಕೈತಪ್ಪಿತು. ಅಂದಿನಿಂದ ನನ್ನ ನಿಯಮ ಒಂದೇ: ಆಧಾರ್, ಕಾರ್ಡು, ಹೋಟೆಲ್ ಖಾತೆ ಈ ಮೂರರಲ್ಲೂ ಹೆಸರನ್ನು ಒಂದೇ ರೀತಿಗೆ ತಂದುಕೊಂಡ ಮೇಲೆಯೇ ವರ್ಗಾವಣೆ, ಅದೂ ಮೊದಲು ಬ್ಯಾಂಕು ಒಪ್ಪುವ ಅತ್ಯಂತ ಕಡಿಮೆ ಮೊತ್ತವನ್ನು ಕಳಿಸಿ, ಅದು ತಲುಪಿದ್ದನ್ನು ಕಂಡ ಬಳಿಕ ಉಳಿದದ್ದು. ಒಮ್ಮೆ ಹೋಟೆಲ್ ಖಾತೆಗೆ ಸೇರಿದ ಪಾಯಿಂಟ್ ಬ್ಯಾಂಕಿಗೆ ಹಿಂತಿರುಗುವುದಿಲ್ಲವಾದ್ದರಿಂದ, ಯಾವ ರಾತ್ರಿಗೆಂದು ನಿರ್ಧರಿಸದೆ ಸುಮ್ಮನೆ ಕಳಿಸಿಡುವುದೂ ತರವಲ್ಲ. 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಬೋನ್‌ವಾಯ್ ಪಾಯಿಂಟ್‌ಗಳು ರದ್ದಾಗುತ್ತವೆ.

ದಿನದ ಆಯ್ಕೆಯಲ್ಲಿ ಊರಿನ ಸ್ವಭಾವವನ್ನು ಅರಿತಿದ್ದರೆ ಅನುಕೂಲ. ಬೆಂಗಳೂರಿನ ದೊಡ್ಡ ಹೋಟೆಲುಗಳು ಸೋಮವಾರದಿಂದ ಗುರುವಾರದವರೆಗೆ ಕಂಪನಿಗಳ ಕೆಲಸಕ್ಕೆ ಬಂದವರಿಂದ ತುಂಬಿರುತ್ತವೆ. ಶುಕ್ರವಾರದಿಂದ ಭಾನುವಾರದವರೆಗೆ ಸಾಮಾನ್ಯವಾಗಿ ಬಿಡುವು. ಪ್ರವಾಸಿ ತಾಣಗಳ ರೆಸಾರ್ಟುಗಳಲ್ಲಿ ಇದಕ್ಕೆ ತದ್ವಿರುದ್ಧ. ಎರಡು ವರ್ಷಗಳಿಗೊಮ್ಮೆ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವ ಫೆಬ್ರುವರಿಯ ವಾರ ಮತ್ತು ನವೆಂಬರಿನ ಟೆಕ್ ಸಮಾವೇಶದ ದಿನಗಳಲ್ಲಿ ದರಗಳು ಗಗನಕ್ಕೇರುತ್ತವೆ. ಅಂಥ ದಿನಗಳಲ್ಲಿ ನಗದು ದರವಷ್ಟೇ ಏರಿ ಪಾಯಿಂಟ್ ದರ ಅಷ್ಟು ಏರದೆ ಉಳಿದದ್ದನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಊಹಿಸಿ ಕೈಬಿಡುವುದಕ್ಕಿಂತ ಎರಡು ನಿಮಿಷ ಹುಡುಕುವುದು ಒಳ್ಳೆಯದು. ಐದು ರಾತ್ರಿ ಸತತವಾಗಿ ಪಾಯಿಂಟ್‌ನಿಂದಲೇ ಬುಕ್ ಮಾಡಿದರೆ ಅವುಗಳಲ್ಲಿ ಅತಿ ಕಡಿಮೆ ದರದ ರಾತ್ರಿಗೆ ಪಾಯಿಂಟ್ ಬೀಳುವುದಿಲ್ಲ. ಹೊರದೇಶದಿಂದ ರಜೆಗೆ ಬರುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬಂದೀತು.

ಯಾವ ಹೋಟೆಲ್ ಎಂಬುದು ಯಾರು ಉಳಿಯುತ್ತಾರೆ ಎಂಬುದರ ಮೇಲೆ ನಿಂತಿದೆ. ವಿಠ್ಠಲ ಮಲ್ಯ ರಸ್ತೆಯ ಜೆಡಬ್ಲ್ಯೂ ಮ್ಯಾರಿಯಟ್‌ನಿಂದ ಕಬ್ಬನ್ ಪಾರ್ಕಿಗೆ ನಡೆದೇ ಹೋಗಬಹುದು. ಬೆಳಿಗ್ಗೆ ಮರಗಳ ಕೆಳಗೆ ನಡೆಯುವ ಅಭ್ಯಾಸವಿರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಜಾಗ ನಗರದ ನಡುವೆ ಸಿಗಲಾರದು. ರೆಸಿಡೆನ್ಸಿ ರಸ್ತೆಯ ರಿಟ್ಜ್-ಕಾರ್ಲ್‌ಟನ್, 2013ರಲ್ಲಿ ತೆರೆದಾಗ ಆ ಹೆಸರಿನ ಭಾರತದ ಮೊದಲ ಹೋಟೆಲಾಗಿತ್ತು; ವೈಭವ ನೋಡಬೇಕೆನ್ನುವವರಿಗೆ ಅದು. ಮಲ್ಲೇಶ್ವರ-ರಾಜಾಜಿನಗರದ ಕಡೆ ನೆಂಟರಿದ್ದು, ಮಕ್ಕಳೂ ಜೊತೆಗಿದ್ದರೆ ಬ್ರಿಗೇಡ್ ಗೇಟ್‌ವೇಯ ಶೆರಟನ್ ಗ್ರ್ಯಾಂಡ್ ಹೆಚ್ಚು ಅನುಕೂಲ: ಪಕ್ಕದಲ್ಲೇ ಓರಾಯನ್ ಮಾಲ್ ಇದೆ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣವೂ ಸಮೀಪ.

ಬುಕ್ ಮಾಡುವಾಗ ಎಷ್ಟು ಜನ ಎಂಬುದನ್ನು ಸತ್ಯವಾಗಿ ನಮೂದಿಸಿ. ಪಾಯಿಂಟ್ ದರ ಸಾಮಾನ್ಯವಾಗಿ ಇಬ್ಬರ ಕೋಣೆಗೆ. ಮೂರನೆಯ ವಯಸ್ಕರಿಗೆ ಹೆಚ್ಚುವರಿ ಹಾಸಿಗೆಯ ಹಣವನ್ನು ಹೋಟೆಲಿನಲ್ಲಿ ಕೇಳುತ್ತಾರೆ. ಎಷ್ಟು ದಿನ ಮೊದಲು ರದ್ದುಮಾಡಿದರೆ ಪಾಯಿಂಟ್ ಪೂರ್ತಿ ವಾಪಸು ಬರುತ್ತದೆ ಎಂಬುದು ಒಂದೊಂದು ಹೋಟೆಲಿಗೆ ಒಂದೊಂದು ತೆರನಾಗಿರುವುದರಿಂದ ಆ ಸಾಲನ್ನು ಓದಿ, ಮೊಬೈಲಿನಲ್ಲಿ ಆ ದಿನಕ್ಕೆ ಜ್ಞಾಪನೆ ಇಟ್ಟುಕೊಳ್ಳಿ. ನೀವು ಜೊತೆಗಿರದೆ ತಂದೆ-ತಾಯಿಯಷ್ಟೇ ಉಳಿಯುವುದಾದರೆ, ಸದಸ್ಯರ ಸಹಾಯವಾಣಿಗೆ ಕರೆ ಮಾಡಿ ಬುಕಿಂಗನ್ನು ಅವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದನ್ನು ಮಾಡದೆ ನಿಮ್ಮ ಹೆಸರಿನ ಬುಕಿಂಗಿಗೆ ಅವರನ್ನು ಕಳಿಸಿದರೆ, ರಿಸೆಪ್ಷನ್ನಿನ ಮುಂದೆ ಸೂಟ್‌ಕೇಸ್ ಹಿಡಿದು ಕಾಯುವ ಸಂಕಟ ಅವರದಾಗುತ್ತದೆ. ಎರಡು ದಿನ ಮೊದಲು ಹೋಟೆಲಿಗೇ ನೇರವಾಗಿ ಫೋನ್ ಮಾಡಿ, ಬರುವವರು ಹಿರಿಯರೆಂದೂ ಲಿಫ್ಟಿನ ಹತ್ತಿರದ ಕೋಣೆ ಬೇಕೆಂದೂ ಹೇಳಿದರೆ ಬಹುತೇಕ ನಡೆಸಿಕೊಡುತ್ತಾರೆ. ವಿವಾಹ ವಾರ್ಷಿಕೋತ್ಸವವೆಂದು ತಿಳಿಸುವುದಕ್ಕೂ ಸಂಕೋಚ ಬೇಡ. ನಮ್ಮವರ ಕೋಣೆಯ ಮೇಜಿನ ಮೇಲೆ ಪುಟ್ಟ ಕೇಕೊಂದನ್ನು ಇಟ್ಟಿದ್ದರು. ಅಪ್ಪ ಅದನ್ನು ತಿನ್ನುವುದಕ್ಕೂ ಮೊದಲು ಕೈಬರಹದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಚೆಕ್-ಇನ್ ವೇಳೆ ಕೋಣೆಯಲ್ಲಿ ಉಳಿಯುವ ಪ್ರತಿ ವಯಸ್ಕರ ಗುರುತಿನ ಚೀಟಿಯೂ ಬೇಕು. ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಚೀಟಿ ಇವುಗಳಲ್ಲಿ ಒಂದಿರಲಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಮಕ್ಕಳೋ ಬಂಧುಗಳೋ ಜೊತೆಗಿದ್ದರೆ ಅದನ್ನೂ ತರಬೇಕು, ಹೋಟೆಲಿನವರು ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು. ಪಾಯಿಂಟ್ ಬುಕಿಂಗ್ ಆಗಿದ್ದರೂ ಊಟ-ತಿಂಡಿಯ ಖರ್ಚಿಗೆಂದು ಕಾರ್ಡಿನ ಮೇಲೆ ಒಂದು ಮೊತ್ತವನ್ನು ಹಿಡಿದಿಡುತ್ತಾರೆ. ಇದಕ್ಕೆ ಕ್ರೆಡಿಟ್ ಕಾರ್ಡನ್ನೇ ಕೊಡಿ. ಡೆಬಿಟ್ ಕಾರ್ಡಾದರೆ ಖಾತೆಯಿಂದಲೇ ಹಣ ಕಡಿತವಾಗಿ ವಾಪಸಾಗಲು ದಿನಗಳು ಹಿಡಿಯುತ್ತವೆ.

ತಿಂಡಿಯ ವಿಷಯವನ್ನು ಅಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಹೆಚ್ಚು ರಾತ್ರಿ ಉಳಿದವರಿಗೆ ಬೋನ್‌ವಾಯ್ ಕೊಡುವ ಮೇಲಿನ ದರ್ಜೆಗಳಲ್ಲೊಂದಾದ ಪ್ಲಾಟಿನಂನ ಸದಸ್ಯರಿಗೆ ಅನೇಕ ಹೋಟೆಲುಗಳಲ್ಲಿ ಅದು ಉಚಿತವಾದರೂ ರಿಟ್ಜ್-ಕಾರ್ಲ್‌ಟನ್‌ಗೆ ಆ ಸೌಲಭ್ಯ ಅನ್ವಯಿಸುವುದಿಲ್ಲ, ಮತ್ತು ಸದಸ್ಯರು ಖುದ್ದಾಗಿ ಉಳಿಯದೆ ಬೇರೆಯವರಿಗೆ ಕೊಟ್ಟ ರಾತ್ರಿಗೂ ದರ್ಜೆಯ ಸೌಲಭ್ಯಗಳು ಸಲ್ಲುವುದಿಲ್ಲ. ಕೋಣೆಯ ದರ 7,500 ಮೀರಿದ ಹೋಟೆಲುಗಳಲ್ಲಿ ಊಟದ ಮೇಲೂ ಶೇ 18 ಜಿಎಸ್‌ಟಿ ಇದೆ. ನಾವು ರಾತ್ರಿಯ ಊಟಕ್ಕೆ ಹೊರಗೆ ಹೋದೆವು, ಬೆಳಗಿನ ತಿಂಡಿಯನ್ನು ಮಾತ್ರ ಅಲ್ಲೇ ಮಾಡಿದೆವು. ಕಿಟಕಿಯ ಪಕ್ಕ ಕುಳಿತ ಅಮ್ಮ ಕಬ್ಬನ್ ಪಾರ್ಕಿನ ಮರಗಳನ್ನು ನೋಡುತ್ತ ಎರಡನೆಯ ಲೋಟ ಕಾಫಿಯನ್ನೂ ತಾವಾಗಿಯೇ ಕೇಳಿ ತರಿಸಿಕೊಂಡರು.

ಹೊರಡುವಾಗ ಮಧ್ಯಾಹ್ನದವರೆಗೆ ಕೋಣೆ ಬೇಕಿದ್ದರೆ ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಕೊನೆಯ ಬಿಲ್ಲಿನಲ್ಲಿ ಕೋಣೆಯ ಬಾಡಿಗೆಯ ಸಾಲು ಸೊನ್ನೆಯಾಗಿದೆಯೇ, ತಿನ್ನದ ಯಾವುದಾದರೂ ಸೇರಿಕೊಂಡಿದೆಯೇ ನೋಡಿ, ಅದರ ಪ್ರತಿಯನ್ನು ಮೇಲ್‌ಗೆ ತರಿಸಿಕೊಳ್ಳಿ. ಪಾಯಿಂಟ್ ರಾತ್ರಿಗೆ ಹೊಸ ಪಾಯಿಂಟ್ ಬರುವುದಿಲ್ಲವಾದರೂ, ನೀವೇ ಉಳಿದು ಊಟ-ತಿಂಡಿಯನ್ನು ಕೋಣೆಯ ಲೆಕ್ಕಕ್ಕೆ ಬರೆಸಿದ್ದರೆ ಆ ಖರ್ಚಿಗೆ ಬರುತ್ತದೆ, ಆ ರಾತ್ರಿ ನಿಮ್ಮ ಸದಸ್ಯತ್ವದ ದರ್ಜೆಯ ಲೆಕ್ಕಕ್ಕೂ ಸೇರುತ್ತದೆ. ಒಂದೆರಡು ವಾರದೊಳಗೆ ಅದು ಖಾತೆಯಲ್ಲಿ ಕಾಣದಿದ್ದರೆ ಆ ಬಿಲ್ಲಿನ ಪ್ರತಿಯನ್ನು ಲಗತ್ತಿಸಿ ಆ್ಯಪಿನಲ್ಲೇ ಕೋರಿಕೆ ಸಲ್ಲಿಸಬಹುದು.